ಬೆಳ್ಳಿಕಾಲಿನ ನೊಣ

ಫೆಬ್ರವರಿ ೧೧, ಬೆಳಿಗ್ಗೆ

ಪ್ರೀತಿಯ ದೊಡ್ಡವಳೇ,

ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಮೂರು ಕಾಗದಗಳೂ ನನ್ನ ದಿಂಬಿನ ಕೆಳಗಿವೆ. ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀ. ಕೈ ನಡುಗುತ್ತದೆ ಅಂತ ಬರೆಯೋಣವೆಂದರೆ ನಿನ್ನತ್ತೆ ಪಕ್ಕದಲ್ಲೇ ಕೂತಿದ್ದಾಳೆ. "ಪದಬಂಧ ತುಂಬೋಕೆ ನಡುಗದ ಕೈ ಇದಕ್ಕೆ ಮಾತ್ರ ನಡುಗುತ್ತಾ?" ಅನ್ನುತ್ತಾಳೆ.

ನಿನ್ನಮ್ಮ, ನನ್ನ ತಂಗಿ, ತೀರಿಕೊಂಡ ಮೇಲೆ ಬೀಗ ಹಾಕಿದ್ದ ಮನೆ ತೆಗೆಸಿ, ಬರುವ ತಿಂಗಳಿಂದ ಮಗುವಿನ ಜೊತೆ ಅಲ್ಲೇ ಇರುತ್ತೇವೆ ಎಂದಿದ್ದೀ. "ನೀವೂ ಅತ್ತೆಯೂ ಬಂದುಬಿಡಿ ಮಾವ, ನನಗಿನ್ಯಾರಿದ್ದಾರೆ" ಎಂದಿದ್ದೀ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಆದರೆ ಹಿತ್ತಿಲ ಕೋಣೆಯದು ಮಣ್ಣಿನ ಗೋಡೆ, ಅದರಾಚೆ ಪಕ್ಕದವರ ಕೊಟ್ಟಿಗೆ. ಬಿರುಕು ಮುಚ್ಚಿ ಗಾರೆ ಮಾಡಿಸದೆ, ಔಷಧಿ ಹೊಡೆಸದೆ ಮಗುವನ್ನು ಆ ಹೊಸ್ತಿಲು ದಾಟಿಸಬೇಡ. ಸುಣ್ಣ ಬಳಿದರೆ ಸಾಲದು. ನೆಲದ ಮೇಲೆ ಮಲಗಿಸಬೇಡ. ಆ ಬಿರುಕುಗಳಲ್ಲಿ ಅಡಗುವ ಮರಳುನೊಣ ಎತ್ತರಕ್ಕೆ ಹಾರಲಾರದು. ಸಾಧಾರಣ ಸೊಳ್ಳೆಪರದೆಯಲ್ಲಿ ಅದು ನುಸುಳಿ ಬರುತ್ತದೆ, ಒತ್ತು ನೇಯ್ಗೆಯದು ತಾ.

ಮಾವನಿಗೆ ಅರಳು ಮರಳು ಅನ್ನಬೇಡ. ಆರೋಗ್ಯ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಈ ನೊಣ ಹಿಡಿದವನು ನಾನು. ಬೆಳಗಿನ ಆರಕ್ಕೆ ಟಾರ್ಚು, ಗಾಜಿನ ಕೊಳವೆ ಹಿಡಿದು ಗೋಡೆ ತಡಕುತ್ತಿದ್ದರೆ ಬೀದಿಯವರು, "ಏನ್ ಯಜಮಾನ್ರೇ, ನಾವು ಪುಕ್ಕಟೆ ನೊಣ ಹೊಡೀತೀವಿ, ನಿಮಗೆ ಸಂಬಳ ಬೇರೆ ಕೊಡ್ತಾರಾ?" ಎಂದು ಚುಡಾಯಿಸುತ್ತಿದ್ದರು. ಏಳನೇ ಕ್ಲಾಸಿನವನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿಯೇ ಕಲಿತೆ. ಎಳ್ಳಿನಷ್ಟು ಜೀವ, ಕೂತಾಗಲೂ ರೆಕ್ಕೆ ಎತ್ತಿಯೇ ಇರುತ್ತದೆ. ಹೊಟ್ಟೆಯ ಮೇಲಿನ ರೋಮ ಮಲಗಿದ್ದರೆ ಹಲ್ಲಿಯ ರಕ್ತ ಕುಡಿಯುವ ಜಾತಿ, ನಮಗೆ ಭಯವಿಲ್ಲ. ರೋಮ ಸೆಟೆದು ನಿಂತು ಕಾಲು ಬೆಳ್ಳಗೆ ಮಿಂಚಿದರೆ ಅದು ಬೆಳ್ಳಿಕಾಲು. ಮೈ ಸೊರಗಿಸಿ ಹೊಟ್ಟೆ ಉಬ್ಬಿಸುವ ಕಪ್ಪು ಜ್ವರ ತರುವುದು ಅದೇ. ಅದು ಸಿಕ್ಕ ಮನೆಯ ಬಾಗಿಲಿಗೆ ಕೆಂಪು ಬಣ್ಣ ಬಳಿದು, ಒಳಗೆಲ್ಲ ಔಷಧಿ ಹೊಡೆಯುವುದು ಕ್ರಮ. "ನಿನ್ನ ಕಣ್ಣು ನೋಡಿದ್ದನ್ನ ನಾನೇನಯ್ಯಾ ಮತ್ತೆ ನೋಡೋದು" ಎಂದು ನಮ್ಮ ಡಾಕ್ಟರು ನನ್ನ ಸ್ಲೈಡುಗಳನ್ನು ಮುಟ್ಟುತ್ತಲೇ ಇರಲಿಲ್ಲ.

ನಾವೀಗ ಇರುವುದು ಮಹಡಿ ಮನೆ, ಸಿಮೆಂಟು ಗೋಡೆ. ಆದರೂ ಬೆಳಕು ಹರಿಯುತ್ತಲೇ ಟಾರ್ಚು ಹಿಡಿದು ಮೂಲೆ ಮೂಲೆ ನೋಡುತ್ತೇನೆ. ಏನೂ ಇರುವುದಿಲ್ಲ. ಬೆನ್ನು ತಿರುಗಿಸಿದೆನೋ, ಹಿಂದಿನ ಗೋಡೆಯ ಮೇಲೆ ಬಂದು ಕೂತಿರುತ್ತವೆ. ಸದ್ದಿಲ್ಲ. ಸೊಳ್ಳೆಯಾದರೂ ಹೇಳಿ ಬರುತ್ತದೆ. "ರಿಟೈರ್ ಆದ್ರೂ ಗೋಡೆ ನಿಮ್ಮನ್ನ ಬಿಡ್ಲಿಲ್ವಲ್ರೀ" ಅನ್ನುತ್ತಾಳೆ ನಿನ್ನತ್ತೆ. ಒಮ್ಮೊಮ್ಮೆ ಗೋಡೆಯ ಬುಡದಲ್ಲಿ ಚಾಪೆಯ ಮೇಲೆ ನಿನ್ನ ತಂಗಿ ಮಲಗಿರುತ್ತಾಳೆ. ಅದೇ ಒಂಬತ್ತು ವರ್ಷ, ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ. ಟಾರ್ಚಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು "ಸಾಕು ಮಾವ" ಅನ್ನುತ್ತಾಳೆ.

ನಿನ್ನ ಮಗು ಗಟ್ಟಿಯಾಗಿ ಬೆಳೆಯಲಿ, ನಿನಗಿಂತ ಎತ್ತರವಾಗಲಿ. ನಿಮ್ಮ ಮೂವರ ನಿದ್ದೆಯೂ ತಂಪಾಗಿರಲಿ.

ನಿನ್ನ ಮಾವ

ತಾ.ಕ. ಮರೆತದ್ದನ್ನು ಬರೆಯುತ್ತಿಲ್ಲ. ಇಷ್ಟು ದಿನ ಬರೆಯದೆ ಇದ್ದದ್ದೇ ಇದಕ್ಕೆ. ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುವ ವಾರ ನಿಮ್ಮ ಹಿತ್ತಿಲ ಕೋಣೆಯಲ್ಲಿ ನನಗೆ ಐದು ನೊಣ ಸಿಕ್ಕವು. ಐದೂ ಬೆಳ್ಳಿಕಾಲು. ನಿನ್ನಮ್ಮ ನನ್ನ ಕೈ ಹಿಡಿದುಕೊಂಡಳು. "ಅಣ್ಣಾ, ಬಾಗಿಲಿಗೆ ಕೆಂಪು ಬಳಿದ್ರೆ ರೋಗದ ಮನೆಯಿಂದ ಯಾರು ಹೆಣ್ಣು ತಗೋತಾರೆ? ಒಂದೇ ಒಂದು ವಾರ ತಡಿ." ನಾನು ಪುಸ್ತಕದಲ್ಲಿ ಹಲ್ಲಿಯ ಜಾತಿ ಎಂದು ಬರೆದೆ. ಡಾಕ್ಟರು ಸಹಿ ಹಾಕಿದರು. ಔಷಧಿಯವರು ನಿಮ್ಮ ಮನೆ ಬಿಟ್ಟು ಮುಂದೆ ಹೋದರು. ವಾರ ಕಳೆಯಿತು, ನಿನ್ನ ಸಂಬಂಧ ಕುದುರಿತು. ತಿದ್ದಿದರೆ ನನ್ನ ಕಣ್ಣಿನ ಹೆಸರು ಹೋಗುತ್ತದೆಂದು ನಾನು ತಿದ್ದಲಿಲ್ಲ. ಅದು ನಿನ್ನಮ್ಮ ಕೇಳಿದ್ದಲ್ಲ, ನನ್ನದೇ. ನಿನ್ನ ಮದುವೆಯಾದ ನಾಲ್ಕನೇ ತಿಂಗಳಿಗೆ ಚಿಕ್ಕವಳಿಗೆ ಜ್ವರ ಬಂತು.

ಇದನ್ನು ಓದಿದ ಮೇಲೂ ಕರೆದರೆ ಬರುತ್ತೇನೆ. ಕರೆಯದಿದ್ದರೂ ಸರಿಯೇ. ಗೋಡೆಗೆ ಮಾತ್ರ ಗಾರೆ ಮಾಡಿಸು.