ಬದುಕಿನ ಕೊಡ, ಸಾವಿನ ಕೊಡ

ಬೈಲಹೊಂಗಲ, 14-11-97

ಬೆಳಿಗ್ಗೆ ಕಟ್ಟುಮೀಸೆಯ ಅಂಟು ಕಾಯಿಸಿದೆ. ರಂಜನಾ ಮಗ್ಗುಲಲ್ಲೇ ಕುಳಿತು ನಾಟಕದ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು, ಏನೋ ಗುನುಗುತ್ತ. ಹದಿನೆಂಟರ ಹುಡುಗಿಯಾಗಿ ನಾಟಕ ಕಂಪನಿ ಸೇರಿ ನನ್ನ ಕೈ ಹಿಡಿದವಳು. ಈಗ ತಾಯಿಯ ಪಾತ್ರ. ಗುನುಗು ಮಾತ್ರ ಅದೇ.

ನಿನ್ನೆಯೂ ಅರ್ಧ ಥಿಯೇಟರ್ ಖಾಲಿ. ಖಾಲಿ ಕುರ್ಚಿಗಳೆದುರು ಗುಡುಗುವುದೆಂದರೆ ಬಾವಿಯೊಳಗೆ ಕೂಗಿದ ಹಾಗೆ. ನನ್ನ ದನಿ ನನಗೇ ವಾಪಸು!

ಮಾಲಕರು ಶಂಕ್ರೆಪ್ಪನವರು ಬಂದು ಟ್ರಂಕಿನ ಮೇಲೆ ಕುಳಿತರು. "ನೀಲಪ್ಪ ಮಾಸ್ತರ, ಮನಿಮನಿಗೆ ಕೇಬಲ್ ಟೀವಿ ಬಂದೈತ್ರಿ. ಮಂದಿ ಇಲ್ಲಿಗ್ಯಾಕ ಬರಬೇಕು?"

ಥಟ್ಟನೆ ಹೊಳೆಯಿತು. ಎದ್ದು ನಿಂತೇ ಹೇಳಿದೆ. "ಟೀವಿ ಯಾರನ್ನೂ ಕೇಳೂದಿಲ್ರಿ ಧಣಿ. ನಾವು ಕೇಳೂಣು! ಕಡೀ ಅಂಕದಾಗ ತಾಯಿ ವಿಷಾ ಕುಡಿದು ಸಾಯಬೇಕೋ, ಮಗ ಬಂದು ಬಟ್ಟಲಾ ಕಸಗೊಂಡು ಉಳಿಸಬೇಕೋ? ಮಂದೀನ ಹೇಳ್ಲಿ."

ಟಿಕೆಟ್ಟಿನ ಜೊತೆ ಹಳ್ಳದ ಹರಳೊಂದು. ಇಂಟರ್ವಲ್‌ನಲ್ಲಿ ಅದನ್ನು ಹಾಕಲು ಎರಡು ಹಿತ್ತಾಳೆ ಕೊಡ: ಕೆಂಪು ಬಟ್ಟೆ ಕಟ್ಟಿದ್ದು ಸಾವು, ಹಸಿರು ಕಟ್ಟಿದ್ದು ಬದುಕು. ಆಮೇಲೆ ರಂಗದ ಮೇಲೇ ದೊಡ್ಡ ತಕ್ಕಡಿ ಕಟ್ಟಿ ತೂಗುವುದು. ಯಾವುದು ಇಳಿಯಿತೋ ಆ ಕೊನೆ.

ಹಾರ್ಮೋನಿಯಂ ಪೇಟಿ ನುಡಿಸುವ ಮಾಳಪ್ಪ ನಕ್ಕ. "ದೇವರ ಕೆಲಸಾನೂ ಪಬ್ಲಿಕ್ಕಿಗೇ ಕೊಟ್ರಿ ಬಿಡ್ರಿ."

18-11

ಹೌಸ್‌ಫುಲ್! ಕೊಡದೊಳಗೆ ಹರಳು ಬೀಳುವ ಠಣ್ ಠಣ್... ನಲವತ್ತು ವರ್ಷದಲ್ಲಿ ಇಂಥ ತಾಳ ಕೇಳಿಲ್ಲ. ಸಾಲು ಸಾಲಿನಲ್ಲಿ ವಾದ. "ಅವ್ವ ಉಳೀಲಿ." "ಉಳದ್ರ ಹಾಡೆಲ್ಲೈತಲೇ?"

ಕೆಂಪು ಕೊಡ ನೆಲ ಮುಟ್ಟಿತು. ಅಲ್ಲದೆ ಮತ್ತೇನು? ತಾಯಿ ಸತ್ತರೆ ತಾನೇ ರಂಜನಾಳ ಹಾಡು. ಉಳಿದರೆ ಆಕೆಗೆ ಮೂರು ಮಾತು, ಒಂದು ನಮಸ್ಕಾರ. ವನ್ಸ್ ಮೋರ್ ಎರಡು ಸಲ ಆಯಿತು.

ಒಳಗೆ ಬಂದವಳು ಕಂಬ ಹಿಡಿದು ನಿಂತಳು. ಉಸಿರು ಸಾಲುತ್ತಿಲ್ಲ. ಆದರೂ ನಗು. "ಮಂದಿ ನನ್ನ ಬಿಟ್ಟಿಲ್ರಿ ಇನ್ನ."

27-11

ದಿನಾಲೂ ಕೆಂಪೇ. ದಿನಾಲೂ ಹಾಡು. ಇಂದು ಬಲವಂತ ಮಾಡಿ ಡಾಕ್ಟರ ಕಡೆ ಕರೆದೊಯ್ದೆ. ಎದೆಯ ವಾಲ್ವ್ ಕೆಟ್ಟಿದೆಯಂತೆ.

"ಮಾತಾಡ್ರಿ, ಓಡಾಡ್ರಿ. ಹಿಂಗ ಉಸಿರು ಹಿಡಿದು ಆಲಾಪ ತಗೊಳ್ಳೂದು ಮಾತ್ರ ಬಿಡ್ರಿ, ಅಕ್ಕಾರ. ರಂಗದ ಮ್ಯಾಲೇ ಎದಿ ನಿಂತೀತು."

ದಾರಿಯಲ್ಲಿ ಕಾಡಿದೆ, ಬೇಡಿದೆ. ಜಗ್ಗಲಿಲ್ಲ.

"ನೀವೇ ಅಲ್ಲೇನ್ರಿ ಮಂದಿ ಕೈಯಾಗ ಕೊಟ್ಟವರು? ಹಸರ ಕೊಡ ಇಳದ ದಿನಾ ಬಾಯಿ ತೆರಿಯೂದಿಲ್ಲ. ಕೆಂಪು ಇಳದ್ರ ಹಾಡಾಕಿ."

ಹಸಿರು ಎಂದು ಇಳಿದೀತು?

28-11

ಇಳಿಸಿದೆ.

ಪರದೆಯ ಹಿಂದೆ, ತೂಗುವ ಮೊದಲು. ಕೆಂಪಿನಿಂದ ಹಸಿರಿಗೆ ಬೊಗಸೆ ಬೊಗಸೆ ಹರಳು. ಹೊರಗೆ ಬಂದು ಎದೆ ಸೆಟೆಸಿ ಗುಡುಗಿದೆ— "ಮಹಾಜನರೇ! ತಾಯಿ ಬದುಕಿದಳು!" ಕೆಲವರು ಗೊಣಗಿದರು. ಗೊಣಗಲಿ.

ರಂಜನಾ ಮೂರು ಮಾತು ಆಡಿದಳು, ಕೈ ಮುಗಿದಳು, ಒಳಗೆ ಬಂದಳು. ಉಸಿರು ಸಲೀಸಾಗಿತ್ತು. ನನಗೆ ಅಷ್ಟು ಸಾಕು.

3-12

ಹಸಿರು. ಹಸಿರು. ಹಸಿರು. ಮಾಳಪ್ಪ ಪೇಟಿ ಒರೆಸುತ್ತ, "ಮಂದಿಗೆ ಒಮ್ಮೆಲೇ ಕರುಣಾ ಬಂತಲ್ರಿ ಮಾಸ್ತರ! ಯಾರು ಬಂದು ಹಂಚಿ ಹೋದರೋ?" ಅಂದ. ಕೇಳಿಸದವನ ಹಾಗೆ ಎದ್ದು ಬಂದೆ.

ಆಕೆ ಗುನುಗುವುದನ್ನು ಬಿಟ್ಟಿದ್ದಾಳೆ.

ರಾಮದುರ್ಗ, 26-12

ಕ್ಯಾಂಪ್ ಇಲ್ಲಿಗೆ ಬಂದಿದೆ. ಇಷ್ಟು ದಿನ ಬರೆಯಲಿಲ್ಲ. ಬರೆಯುವುದೇನು... ಆಕೆ ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನುವುದಿಲ್ಲ. ಬಣ್ಣ ಹಚ್ಚಿಕೊಳ್ಳುವಾಗ ಕನ್ನಡಿ ನೋಡುವುದಿಲ್ಲ. ಸೀರೆಗೆ ಇಸ್ತ್ರಿಯಿಲ್ಲ.

29-12

ಇಂದು ಶಂಕ್ರೆಪ್ಪನವರ ಎದುರು ನಿಂತು ಹೇಳಿಯೇ ಬಿಟ್ಟಳು. "ತಾಯಿ ಪಾತ್ರ ಕಂಪನ್ಯಾಗಿನ ಗಂಗಾಗ ಕೊಡ್ರಿ. ಮಂದಿಗೆ ನಾ ಬ್ಯಾಡಾಗೇನಿ. ದಿನಾ ತೂಗಿ ತೂಗಿ ಅದನ್ನ ಎಷ್ಟಂತ ತೋರಸ್ತೀರಿ?"

ಮಧ್ಯಾಹ್ನ ಮಲಪ್ರಭೆಯ ದಂಡೆಗೆ ಕರೆದೊಯ್ದೆ. ಎಲ್ಲವನ್ನೂ ಹೇಳಿದೆ. ಬೊಗಸೆ, ಪರದೆ, ಡಾಕ್ಟರ ಮಾತು. "ಮಂದಿ ಬ್ಯಾಡ ಅಂದಿಲ್ಲ ರಂಜೂ. ಒಂದಿನಾನೂ ಅಂದಿಲ್ಲ. ನಾ ಅಂದೇನಿ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ. ನನ್ನ ತೋಳು ತಟ್ಟಿದಳು, ಮಗುವಿಗೆ ತಟ್ಟಿದ ಹಾಗೆ.

"ಛಲೋ ಮಾಡಿದ್ರಿ ಪಾರ್ಟು. ನನ್ನ ಸಮಾಧಾನಕ್ಕ ಎಷ್ಟು ಕಷ್ಟಾ ಪಡತೀರಿ."

"ನಿನ್ನಾಣಿ ಖರೇ ಐತಿ!"

"ಖರೇ ಇದ್ರ ನಾಳಿಗೆ ನನ್ನ ಎದುರಿಗೇ ತೂಗ್ರಿ. ಕೊಡದ ಬಾಜೂಕ ನಾ ನಿಂದರತೇನಿ."

30-12, ಇಂಟರ್ವಲ್ ಮುಗಿದ ಮೇಲೆ

ರಂಗದ ಮಗ್ಗುಲಿನ ವಿಂಗಿನಲ್ಲಿ, ಪ್ರಾಂಪ್ಟರನ ಸ್ಟೂಲಿನ ಮೇಲೆ. ನನ್ನ ಪಾತ್ರ ಮುಗಿದಿದೆ. ಸುಮ್ಮನೆ ನೋಡುತ್ತ ಕೂಡುವುದು ಆಗದು. ಬರೆಯುತ್ತೇನೆ.

ಹರಳು ಬೀಳುವ ಮೊದಲು ಪರದೆಯ ಮುಂದೆ ಹೋದೆ. ಗುಡುಗಬೇಕೆಂದೆ. ದನಿ ಒಡೆಯಿತು. "ಮಹಾಜನರ, ಇವತ್ತೊಂದಿನಾ ಈ ತಾಯೀನ ಉಳಿಸ್ರಿ. ಈಕೀ ಎದಿ ಖರೇನ ಸೋತೈತಿ. ನನ್ನ ಹೇಣ್ತಿ ಅದಾಳ್ರಿ ಈಕಿ. ಕಾಲ ಬೀಳತೇನಿ." ಮೊಣಕಾಲೂರಿದೆ. ಕಣ್ಣೀರು ತಾನಾಗಿ ಬಂತು, ಗ್ಲಿಸರಿನ್ ಇಲ್ಲದೆ.



ಆಮೇಲೆ ಸೀಟಿ! ಚಪ್ಪಾಳೆ! ಮುಂದಿನ ಸಾಲಿನಿಂದ ಯಾರೋ— "ಏ, ಏನ್ ಆಕ್ಟಿಂಗಲೇ ಮಾಸ್ತರಂದು! ಕಲ್ಲ ಕರಗಸ್ತಾನ!" ಇನ್ನೊಬ್ಬ— "ಇಷ್ಟಾದ ಮ್ಯಾಲ ಹಾಡು ಆಗಾಕಬೇಕು!"

ಠಣ್ ಠಣ್ ಠಣ್. ಕೆಂಪು ತುಂಬಿ ಹೊರಗೆ ಉದುರಿತು.

ತಕ್ಕಡಿ ವಾಲಿದಾಗ, ಕೊಡದ ಪಕ್ಕದಲ್ಲೇ ನಿಂತಿದ್ದ ರಂಜನಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಮುಖದಲ್ಲಿ ಹದಿನೆಂಟರ ಹುಡುಗಿ. "ಖರೇನ ಹೇಳಿದ್ರಿ ನೀವು... ಮಂದಿ ನನ್ನ ಬಿಟ್ಟಿಲ್ಲ." ಸೆರಗು ಸರಿಪಡಿಸಿಕೊಟ್ಟೆ.

ಹಾಡಿದಳು. ದೇವರೇ, ಹೇಗೆ ಹಾಡಿದಳು! ಥಿಯೇಟರಿಗೆ ಥಿಯೇಟರೇ ಅಳುತ್ತಿದೆ. ವನ್ಸ್ ಮೋರ್ ಅನ್ನುತ್ತಿದ್ದಾರೆ. ಕೈ ಬೀಸಿದೆ, ಬೇಡ ಎಂದು. ನನ್ನತ್ತ ನೋಡಲೇ ಇಲ್ಲ. ಮೊದಲಿನಿಂದ ಎತ್ತಿಕೊಂಡಳು. ಈಗ ಎರಡನೆಯ ನುಡಿ. ಈಗ ಆ ಆಲಾಪ... ಏರುತ್ತಿದೆ... ಏರಿತು...

ಮಾಳಪ್ಪನ ಪೇಟಿಯೊಂದೇ ಕೇಳುತ್ತಿದೆ.

ಬಿದ್ದಳು. ಬೀಳುವುದು ಹಾಡು ಮುಗಿದ ಮೇಲೆ. ಇನ್ನೂ ಒಂದು ಸಾಲು ಇದೆ. ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ರಂಜೂ, ಇನ್ನೂ ಒಂದು ಸಾಲು