ತೊಟ್ಟಿಗೆ ಹಾಸಿದ ಮರಳು

ಮಾರ್ಚ್ ೯, ಭಾನುವಾರ

ರೀ,

ನಾನೂ ಅತ್ತೆಯೂ ಕ್ಷೇಮ. ಜೈಲಿನಿಂದ ನೀವು ಬರೆದ ಮೂರು ಕಾಗದಗಳೂ ತಲುಪಿವೆ. ಉತ್ತರ ತಡವಾಯಿತು, ಮನ್ನಿಸಿ. ಬೆನ್ನುನೋವಿಗೆ ಅಲ್ಲಿ ಮಾತ್ರೆಯಾದರೂ ಕೊಡುತ್ತಾರೆಯೇ?

ಮೀನು, ಹವಳ ಸಾಕಿದ ಉಪ್ಪುನೀರಿನ ತೊಟ್ಟಿ ಹೇಗಿದೆ ಎಂದು ಕೇಳಿದ್ದಿರಿ. ಹೋದ ತಿಂಗಳು ತಳದ ಮರಳು ಕಪ್ಪಾಗಿ, ಎರಡು ಮೀನು ಸತ್ತು ತೇಲಿದವು. ಮೀನಿನ ಅಂಗಡಿಯವನನ್ನು ಕರೆಸಿದೆ. ಅವನು ತಳ ಕೆದಕಿದ್ದೇ ತಡ, ಮನೆಯೆಲ್ಲ ಕೊಳೆತ ಮೊಟ್ಟೆಯ ನಾತ.

"ಅಕ್ಕಾ, ತಳ ಪೂರ್ತಿ ಕೆಟ್ಟಿದೆ. ಎಲ್ಲಾ ತೆಗೆದು ಬೇರೆ ಹಾಕ್ಬೇಕು," ಎಂದ.

ಏನು ಹಾಕುವುದು? ದಪ್ಪ ಹವಳದ ಚೂರಾದರೆ ಸಂದಿಯಲ್ಲಿ ಕೊಳೆ ಕೂರುತ್ತದಂತೆ. ಹಿಟ್ಟಿನಂಥ ಮರಳಾದರೆ ಪಂಪಿನ ರಭಸಕ್ಕೆ ಎದ್ದು ಹವಳದ ಮೇಲೆಲ್ಲ ಬೀಳುತ್ತದಂತೆ. "ಏನೂ ಬೇಡ, ಬರೀ ಗಾಜಿರ್ಲಿ, ತೊಳೆಯೋಕೆ ಸುಲಭ," ಎಂದರು ಅತ್ತೆ. ಆದರೆ ಪುಟ್ಟಿಯ ಹಳದಿ ಮೀನು ಮರಳಿನೊಳಗೆ ಹೂತುಕೊಂಡೇ ಮಲಗುವುದಲ್ಲವೇ? ಹಾಗೆಂದಾಗ, "ಮೀನಿಗೂ ಹಾಸಿಗೆ ಬೇಕೇನೆ? ನಂಗೇ ಚಾಪೆ ಸಾಕು," ಎಂದು ಗೊಣಗಿದರು. ಪುಟ್ಟಿ ಹೋದ ಮೇಲೆ ಅವರ ಬಾಯಲ್ಲಿ ತಮಾಷೆ ಕೇಳಿದ್ದು ಅದೇ ಮೊದಲು.

ನಡುತರದ ಮರಳು ಎರಡು ಬೆರಳಿನಷ್ಟು ಸಾಕು ಎಂದು ಅಂಗಡಿಯವನು ತೀರ್ಮಾನಿಸಿದ. ಬಕೆಟ್ ತರಲು ಮೆಟ್ಟಿಲ ಕೆಳಗೆ ಬಗ್ಗಿದವನು, "ಇಲ್ಲೇ ಇದ್ಯಲ್ಲಕ್ಕಾ, ನಮ್ಮಂಗಡಿ ಮರಳಿನ ಮೂಟೆ!" ಎಂದ. ಮೇಲಿದ್ದ ಪೊಲೀಸರ ಚೀಟಿ ಕಂಡದ್ದೇ ಕೈ ಹಿಂದಕ್ಕೆಳೆದುಕೊಂಡ. ಅಪಘಾತದ ದಿನ ನೀವೂ ಪುಟ್ಟಿಯೂ ಹೋಗಿ ತಂದ ಮೂಟೆ ಅದು. ನಜ್ಜುಗುಜ್ಜಾದ ಕಾರಿನಿಂದ ತೆಗೆದು ವಾಪಸ್ ಕೊಟ್ಟಿದ್ದರು.

"ಅದೊಂದನ್ನ ಹಾಕ್ಬೇಡ ಕಣೆ. ದಿನಾ ಕಣ್ಣೆದುರಿಗಿಟ್ಕೊಂಡು ಹೇಗೆ ಬದುಕ್ತೀಯ?" ಅತ್ತೆ ಅತ್ತುಬಿಟ್ಟರು.

"ಈಗೇನು ಕಣ್ಮರೆಯಾಗಿದ್ಯಾ ಅತ್ತೆ?" ಎಂದೆ.

ಮೂಟೆಯ ಒಂದು ಮಗ್ಗುಲು ಹರಿದಿತ್ತು. ಹಿತ್ತಲಲ್ಲಿ ಕೂತು ಅಡುಗೆಮನೆಯ ಜರಡಿಯಲ್ಲಿ ಅಷ್ಟನ್ನೂ ಜಾಲಿಸಿದೆ. ಕಾರಿನ ಕಿಟಕಿಯ ಗಾಜು ಒಂದು ಬೊಗಸೆ ಸಿಕ್ಕಿತು. ಬೆರಳು ಕುಯ್ದದ್ದು ಉಪ್ಪುನೀರು ತಾಗಿದಾಗಲೇ ತಿಳಿದದ್ದು.

ಎರಡು ದಿನ ತೊಟ್ಟಿ ಹಾಲಿನಂತೆ ಕದಡಿತ್ತು. ಅಲ್ಲಿಯವರೆಗೆ ಮೀನನ್ನು ಬಕೆಟ್ಟಿನಲ್ಲಿ ಇಟ್ಟಿದ್ದೆವು. ಮೂರನೆಯ ಬೆಳಿಗ್ಗೆ ನೀರು ತಿಳಿಯಾಯಿತು. ಹಳದಿ ಮೀನು ಬಕೆಟ್ಟಿನ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅದಕ್ಕೆಂದೇ ಹಾಸಿದ ಮರಳು. ಈಗ ಹವಳ ಮಾತ್ರ ಅರಳಿಕೊಂಡಿದೆ.

ಅತ್ತೆ ನಿಮ್ಮ ತಲೆ ಮುಟ್ಟಿ ಹರಸಿದೆನೆಂದು ಬರೆ ಎಂದಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇತಿ,
ಪುಟ್ಟಿಯ ಅಮ್ಮ

ಮತ್ತೆ: ಪ್ರತಿ ಕಾಗದದಲ್ಲೂ ಕ್ಷಮಿಸು ಎಂದಿದ್ದೀರಿ. ನಾನು ಬರೆಯದಿದ್ದದ್ದು ಸಿಟ್ಟಿನಿಂದಲ್ಲ. "ಗಂಡ ಕುಡಿದಿದ್ದು ನಿಮಗೆ ಗೊತ್ತಿತ್ತಾ?" ಎಂದು ಕೋರ್ಟಿನಲ್ಲಿ ವಕೀಲರು ಕೇಳಿದಾಗ, "ಇಲ್ಲ" ಎಂದೆ. ಎಲ್ಲರೂ ಅಯ್ಯೋ ಪಾಪ ಎಂದರು. ಅವತ್ತು ಬಾಗಿಲಲ್ಲಿ ನಿಮ್ಮ ಬಾಯಿಯ ವಾಸನೆ ನನಗೆ ಬಡಿದಿತ್ತು. ಪುಟ್ಟಿ "ನಾನೂ ಹೋಗ್ತೀನಮ್ಮಾ" ಎಂದು ಕಾಲಿಗೆ ಸುತ್ತಿಕೊಂಡಿದ್ದಳು. ನನಗೆ ಒಂದು ಗಂಟೆ ನಿದ್ದೆ ಬೇಕಿತ್ತು. ಅವಳ ಚಪ್ಪಲಿಯ ಪಟ್ಟಿ ಹಾಕಿ ಕಳಿಸಿದವಳು ನಾನು.