ಬುಟ್ಟಿಯ ಅಂಚಿಗೆ ಸುತ್ತಿದ ತಂತಿ

ಫೆಬ್ರವರಿ 11, ಮಧ್ಯಾಹ್ನ

ಮತ್ತೆ ತಂತಿ ಬಿಚ್ಚಿದೆ. ಮೆಟಲ್ ಡಿಟೆಕ್ಟರಿಗೆಂದು ಪೈಪಿಗೆ ಸುತ್ತಿದ ಕಾಯಿಲ್ ಉದ್ದ, ಸಣಕಲು. ನೆಲದ ಮೇಲಿಟ್ಟ ಬಳೆಗೆ ಕುಂಯ್ ಎನ್ನುತ್ತದೆ. ನಾಲ್ಕು ಬೆರಳು ಮಣ್ಣು ಮುಚ್ಚಿದರೆ ಮೂಕ. ನನ್ನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ದಂಡ ಎಂದು ಅತ್ತೆ ಬಾಳವ್ವ ಗೊಣಗುತ್ತಿದ್ದಾರೆ. ಹುಡುಕುತ್ತಿರುವುದು ಅವರದೇ ಬಂಗಾರದ ಬಿಲ್ವಾರ ಬಳೆ!

ಎಳ್ಳಮಾವಾಸ್ಯೆಗೆ ಕೈಗೆ ಬಿಲ್ವಾರ ಹಾಕಿಕೊಂಡು ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿದರು. ಎಣ್ಣೆಗೈಯಲ್ಲಿ ಕಡಬು, ಪಲ್ಯ ಬೀಸಿ ಬೀಸಿ ಎಸೆದರು. ಮನೆಗೆ ಬಂದು ನೋಡಿದರೆ ಬಿಲ್ವಾರ ಇಲ್ಲ. ಚರಗದ ಬುಟ್ಟಿ ಹೊತ್ತವಳು ನಮ್ಮ ಹೊಲದ ಆಳು ಮಾನವ್ವ. ಅಷ್ಟಕ್ಕೇ ಕಳ್ಳಿ. ಈಗ ನಮ್ಮೂರು ಜಕ್ಕಲಿಯಲ್ಲಿ ಯಾರೂ ಅವಳನ್ನು ಕೂಲಿಗೆ ಕರೆಯುವುದಿಲ್ಲ. ಎರೆಮಣ್ಣಿನ ಬಿರುಕಿಗೆ ಬಿದ್ದಿದೆ — ನನ್ನ ಲೆಕ್ಕ.

ಫೆಬ್ರವರಿ 14

ಕಾಯಿಲಿನ ಎತ್ತರ ಇಳಿಸಬೇಕು, ಅಗಲ ಹೆಚ್ಚಿಸಬೇಕು. ತೀರಾ ಅಗಲವಾದರೆ ಸಣ್ಣ ವಸ್ತು ಸಿಗದು. ಕಿರಿದಾದರೆ ಆಳ ಮುಟ್ಟದು. ತಂತಿ ಸುತ್ತಲು ಕಬ್ಬಿಣವಿಲ್ಲದ ಅಚ್ಚು ಬೇಕು... ಅಟ್ಟದ ಮೇಲೆ ಅದೇ ಚರಗದ ಬುಟ್ಟಿ. ಬಿದಿರು. ಅದರ ಅಂಚಿಗೇ ಸುತ್ತಿದೆ. ಅಗಲ ಒಂದೂವರೆ ಗೇಣು, ಎತ್ತರ ಒಂದು ಬೆರಳು. ಹಿತ್ತಲಲ್ಲಿ ಗೇಣು ಆಳಕ್ಕೆ ಬಳೆ ಹೂತೆ. ಕೂಗಿತು! ಕುಣಿಯಬೇಕೆನಿಸಿತು.

ಮಾರ್ಚ್ 2

ಜೋಳದ ಕೊಯ್ಲು ಮುಗಿಯಿತು. ಬಿಲ್ವಾರ ಸಿಕ್ಕಿತು. ಬಿರುಕಿನಲ್ಲೇ, ಗೇಣು ಆಳ. ಗಂಡ ಸಿದ್ದಾರೂಢ ಅಗೆದು ತೆಗೆದ, ಅಂಟಿದ್ದ ಬೇರು ಕಿತ್ತೆಸೆದ, ಗುಂಡಿ ಮುಚ್ಚಿದ.

"ಮಾನವ್ವ ಕದ್ದಿಲ್ರಿ ಅತ್ತಿ," ಎಂದೆ.

ಬಾಳವ್ವ ಒರೆಸಿ ಕೈಗೇರಿಸಿಕೊಂಡರು. "ನಿನ್ನ ಮಷೀನ್ ನೋಡಿ ಅಂಜ್ಯಾಳ. ತಂದು ಒಗದಾಳ."

"ಗೇಣ ಆಳ ಇತ್ರಿ! ಜೋಳದ ಬೇರು ಹೆಣಕೊಂಡಿತ್ತು. ಒಂದ ದಿನಕ್ಕ ಬೇರು ಹೆಣಿತಾವೇನ್ರಿ?"

"ಸಿಕ್ತಲ್ಲ, ಬಿಡ ಇನ್ನ," ಅಂದ ಸಿದ್ದಾರೂಢ.

ಬಂಗಾರ ಬೇಕಿತ್ತು, ಬಂತು. ಎಷ್ಟು ಆಳದಲ್ಲಿತ್ತು ಎಂಬುದು ಯಾರಿಗೂ ಬೇಡ.

ಏಪ್ರಿಲ್ 19, ಸಂಜೆ

ಅಡ್ಡಮಳೆ ಬಿತ್ತು. ಹೊಲದ ಬಿರುಕೆಲ್ಲ ಮುಚ್ಚಿವೆ.

ಮಾನವ್ವ ಬಂದಿದ್ದಳು. ಗೋವಾಕ್ಕೆ ದುಡಿಯಲು ಹೊರಟಿದ್ದಾಳೆ. ಗಂಟು ಹೊತ್ತು ಹೊಸ್ತಿಲಾಚೆಯೇ ನಿಂತಳು.

"ಅಕ್ಕಾರ, ಎಷ್ಟ ಆಳ ಇತ್ರಿ?"

ಊರಲ್ಲಿ ಇವಳೊಬ್ಬಳೇ ಕೇಳಿದ್ದು. ಬೆರಳು ಅಗಲಿಸಿ ತೋರಿಸಿದೆ. ತನ್ನ ಗೇಣನ್ನು ನನ್ನ ಗೇಣಿಗೆ ಹಚ್ಚಿ ನೋಡಿದಳು. ಕಣ್ಣು ತುಂಬಿದ್ದವು.

"ಇದೊಂದು ಮಾತು ನಾಕ ಮಂದಿ ಮುಂದ ಹೇಳ್ರಿ, ಸಾಕು."

ಒಳಗಿನಿಂದ ಬಾಳವ್ವ, "ಯಾರ ಬಂದಾರ ಪೂಜಾ?"

ಕೈ ಹಿಂದಕ್ಕೆ ಎಳೆದುಕೊಂಡೆ.

"ಯಾರಿಲ್ರಿ" ಅಂದೆ. ಅವಳೆದುರಿಗೇ ಅಂದುಬಿಟ್ಟೆನಲ್ಲ, ಅವಳು ಅಲ್ಲೇ ನಿಂತು...